ಕೈಗುಣ

"ತಾಯಿ, ನಿಮ್ಮ ಯಜಮಾನ್ರು ಕೆಲಸದ ಜಾಗದಿಂದ ಒಂದು ಬಿಳಿ ಬಕೆಟ್ ತಂದಿದ್ರಾ?" ಮೇಸ್ತ್ರಿ ಹೊಸ್ತಿಲಾಚೆಯೇ ನಿಂತು ಕೇಳಿದ. "ಗೆದ್ದಲು ಔಷಧಿ ಕಲೆಸಿದ್ದ ಬಕೆಟ್ಟು. ಯಾರೂ ಮುಟ್ಟದ ಹಾಗೆ ಎಲ್ಲಾದ್ರೂ ಸಾಗಹಾಕೋಣ ಅಂತ ಪಕ್ಕಕ್ಕಿಟ್ಟಿದ್ದೆ. ಆಗಿನಿಂದ ಕಾಣ್ತಾನೇ ಇಲ್ಲ. ಇವತ್ತು ಹುಡುಗರು ನಿಮ್ಮ ಯಜಮಾನ್ರ ಹೆಸರು ಹೇಳಿದ್ರು. ಇದ್ರೆ ನೀರುಗೀರು ತುಂಬಿಡಬೇಡಿ. ಎಷ್ಟು ತೊಳೆದ್ರೂ ಹೋಗೋ ಜಾತಿ ಅಲ್ಲ ಅದು."

ಪೇಂಟರನ ಹೆಂಡತಿ "ಕೇಳಿ ಹೇಳ್ತೀನಣ್ಣ" ಎಂದು ಬಾಗಿಲು ಹಾಕಿಕೊಂಡವಳೇ ಬಾಲ್ಕನಿಗೆ ಓಡಿದಳು.

ಬಾಲ್ಕನಿ ಎಂದರೆ ಒಂದು ಚಾಪೆ ಹಾಸಿದರೆ ಮುಗಿದುಹೋಗುವ ಜಾಗ. ಅಲ್ಲಿ ಐದು ಬಕೆಟ್ಟುಗಳು, ಐದೂ ಹಳದಿ. ಕಾಸು ಬಿಚ್ಚದೆ ಎಬ್ಬಿಸಿದ ತೋಟ ಅದು; ಬೆಳೆದದ್ದು ಮನೆಯ ಅಡುಗೆಗೆ. ಬಕೆಟ್ಟುಗಳನ್ನು ಗಂಡ ತಂದಿದ್ದ, ಪೈಪಿಗಾಗಿ ರಸ್ತೆ ಅಗೆದಾಗ ಮಣ್ಣನ್ನು ಇವಳು ಚೀಲದಲ್ಲಿ ಹೊತ್ತಿದ್ದಳು, ಗೊಬ್ಬರಕ್ಕೆ ಅಡುಗೆಮನೆಯ ಸಿಪ್ಪೆ ಇದ್ದೇ ಇತ್ತು. ಸ್ಕ್ರೂಡ್ರೈವರ್ ಕಾಯಿಸಿ ತಳಕ್ಕೆ ತೂತು ಹಾಕಿದವನು, "ನಮ್ಮ ಮೇಡಂ ತೋಟ ಅಂದ್ರೆ ಸುಮ್ನೇನಾ?" ಎಂದು ಉಳಿದ ಬಣ್ಣದಲ್ಲಿ ಎಲ್ಲಕ್ಕೂ ಎರಡೆರಡು ಕೋಟು ಹೊಡೆದಿದ್ದ. ಈಗ ಯಾವುದು ಯಾವುದೆಂದು ಹೇಳಲು ದೇವರೇ ಇಳಿದು ಬರಬೇಕಿತ್ತು. ಮೆಣಸಿನ ಗಿಡದ ಎಲೆಗಳು ಮುದುರಿದ್ದವು. ಬದನೆಯ ಎಲೆ ಜರಡಿಯಾಗಿತ್ತು, ಸೊಪ್ಪಿಗೆ ಹುಳ, ಪುದೀನ ಬಡಕಲು. ಮೂಲೆಯ ಟೊಮೇಟೊ ಮಾತ್ರ ದೃಷ್ಟಿ ತಾಕುವಂತೆ ಕಾಯಿ ಬಿಟ್ಟಿತ್ತು. ಬಂದವರೆಲ್ಲ "ನಿನ್ನ ಕೈಗುಣ ಕಣೇ" ಎನ್ನುತ್ತಿದ್ದರು. ಅವಳೂ ಅಲ್ಲವೆಂದು ಯಾವತ್ತೂ ಹೇಳಿರಲಿಲ್ಲ.

ಗಂಡನಿಗೆ ಫೋನು ಮಾಡಿ ಒಳಗೆ ಬಂದಳು. ಶಾಲೆಯಿಂದ ಬಂದ ಮಗಳು ಮಂಚದ ಮೇಲೆ ಅಂಗಾತ ಮಲಗಿ ಗೋಡೆಗೆ ಕಾಲು ಕೊಟ್ಟಿದ್ದಳು. ಬೆಳಿಗ್ಗೆ ಹೊಟ್ಟೆನೋವು ಎಂದಿದ್ದಕ್ಕೆ, ಶಾಲೆ ತಪ್ಪಿಸುವ ನಾಟಕವೆಂದು ಚೆನ್ನಾಗಿ ಬೈದು ಕಳಿಸಿದ್ದಳು.

"ಪುಟ್ಟಿ, ಹೊಟ್ಟೆ ಈಗ್ಲೂ ನೋಯ್ತಿದೆಯೇನೇ?"

ಪುಟ್ಟಿ ಅಮ್ಮನ ಮುಖವನ್ನು ಅಳೆದು ನೋಡಿದಳು. "ನಾಳೆ ಸ್ಕೂಲಿದೆಯಾ?"

"ಸ್ಕೂಲು ಹಾಳಾಗ್ಲಿ! ನಿಜ ಹೇಳು."

"ಒಂಚೂರು ನೋಯ್ತಿದೆ."

ಅವಳು ಮಗಳ ಹಣೆ ಮುಟ್ಟಿದಳು, ಹೊಟ್ಟೆ ಒತ್ತಿ ನೋಡಿದಳು, ನಾಲಿಗೆ ಚಾಚಿಸಿದಳು. ಏನನ್ನು ಹುಡುಕುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ಪೇಂಟರ್ ಮೈತುಂಬ ಸುಣ್ಣದ ಚುಕ್ಕಿ ಹೊತ್ತುಕೊಂಡೇ ಓಡಿ ಬಂದ. "ಡಾಕ್ಟರ ಹತ್ರ ಹೋಗೋಣ ನಡೀರಿ" ಎಂದಳು.

"ಹೋಗೋಣ. ಏನು ತಿಂದಳು ಅಂತ ಅವರು ಕೇಳಿದ್ರೆ? ಅದನ್ನಾದ್ರೂ ನೋಡ್ಕೊಂಡು ಹೋಗೋಣ ತಾಳು."

ಅವನು ಬಾಲ್ಕನಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಗೋಡೆ ನಯ ಮಾಡುವ ಬ್ಲೇಡಿನಿಂದ ಒಂದೊಂದೇ ಬಕೆಟ್ಟಿನ ಹಳದಿ ಕೆರೆದ. ಇಬ್ಬರಿಗೆ ಅಲ್ಲಿ ಜಾಗವಿಲ್ಲ. ಅವಳು ಬಾಗಿಲಲ್ಲಿ ನಿಂತಳು. ಹಳದಿಯ ಕೆಳಗೆ ಐದೂ ಬೆಳ್ಳಗಿದ್ದವು.

"ಒಂದರ ಮೇಲಾದ್ರೂ ಬರಹ ಇಲ್ವಲ್ರೀ!"

"ಅಂಟಿಸಿದ ಲೇಬಲ್ಲಿನ ಮೇಲೆ ಬಣ್ಣ ಕೂರಲ್ಲ ಕಣೇ." ಅವನ ದನಿ ಇಳಿದಿತ್ತು. "ಥಿನ್ನರ್ ಹಾಕಿ ನಾನೇ ಎಲ್ಲ ಉಜ್ಜಿ ತೆಗೆದಿದ್ದೆ."

ಕೆಲಸದಲ್ಲಿ ಅವನ ಅಚ್ಚುಕಟ್ಟನ್ನು ಅವಳು ಮೊದಲ ಸಲ ಮನಸ್ಸಿನಲ್ಲೇ ಶಪಿಸಿದಳು. ಅವನು ಗಿಡಗಳನ್ನು ಒಂದೊಂದಾಗಿ ನೋಡುತ್ತ ಹೋದವನು, ಮೆಣಸಿನ ಮುಂದೆ ಹಣೆ ಬಡಿದುಕೊಂಡ.

"ಅಯ್ಯೋ ನಮ್ಮ ಬುದ್ಧಿಗಿಷ್ಟು! ಇದೇ ನೋಡು. ಎಲೆ ಹೇಗೆ ಸುಟ್ಟ ಹಾಗೆ ಮುದುರಿದೆ. ವಿಷ ಕುಡಿದ ಗಿಡ ಹೀಗಲ್ದೆ ಇನ್ನು ಹೇಗಿರುತ್ತೆ?"

"ಮೆಣಸಿನಕಾಯೀನೇ ಬಿಟ್ಟಿಲ್ಲ ಅದು" ಎಂದಳು ಅವಳು. "ಒಂದೂ ಕಿತ್ತಿಲ್ಲ. ಯಾರೂ ತಿಂದಿಲ್ಲ ರೀ!"

"ಮತ್ತೆ? ಸುಮ್ನೆ ಪ್ರಾಣ ತಿಂದೆ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಅವನು ಮೆಣಸಿನ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬಾಗಿಲ ಬಳಿ ಇಟ್ಟ. ಹೊರಗೆ ಏನು ನಡೆಯುತ್ತಿದೆಯೆಂದು ನೋಡಲು ಬಂದ ಪುಟ್ಟಿಯ ಮುಖ ಬಾಡಿದ್ದು ಕಂಡು, ಮೂಲೆಯ ಟೊಮೇಟೊ ಗಿಡದಿಂದ ಕೆಂಪಗಿನ ಹಣ್ಣೊಂದನ್ನು ಕಿತ್ತ. "ನಿಮ್ಮಮ್ಮನ ಕೈಗುಣ ನೋಡು, ಹಣ್ಣಿಗೆ ಒಂದು ಚುಕ್ಕಿ ಇಲ್ಲ. ಅಪ್ಪನಿಗೊಂದು, ಪುಟ್ಟಿಗೊಂದು" ಎಂದು ತಾನೇ ಮೊದಲು ಕಚ್ಚಿ, ಇನ್ನೊಂದಕ್ಕೆ ಕೈ ಚಾಚಿದ.

ಅವಳು ನೆಲ ನೋಡುತ್ತಿದ್ದಳು. ಮೆಣಸಿನ ಬಕೆಟ್ಟು ಎತ್ತಿದ ಜಾಗದಲ್ಲಿ ಇರುವೆಗೂಡು ಒಡೆದಿತ್ತು. ಬಕೆಟ್ಟಿನ ತಳದ ತೂತುಗಳಿಂದಲೂ ಇರುವೆಗಳು ಉದುರುತ್ತಿದ್ದವು. ವಿಷದ ಬಕೆಟ್ಟಿನಲ್ಲಿ ಇರುವೆ ಸಂಸಾರ ಹೂಡುತ್ತದೆಯೇ? ಮೊಟ್ಟೆ ಕಚ್ಚಿಕೊಂಡು ಅವು ದಿಕ್ಕೆಟ್ಟು ಓಡಿದವು. ಬದನೆಯ ಬಕೆಟ್ಟು ಹತ್ತಿದವು, ಸೊಪ್ಪಿನದಕ್ಕೆ ನುಗ್ಗಿದವು, ಪುದೀನದ ಬುಡಕ್ಕೆ ಇಳಿದವು. ಟೊಮೇಟೊ ಬಕೆಟ್ಟಿನ ತನಕ ಹೋದ ಸಾಲು ಮಾತ್ರ ಅದರ ತಳದ ಒದ್ದೆಯ ಬಳಿ ಗಕ್ಕನೆ ನಿಂತು, ದೂರದಿಂದ ಬಳಸಿ, ಗೋಡೆ ಹಿಡಿದು ಆಚೆ ಹೋಯಿತು.

"ರೀ" ಎಂದಳು. ಬೆರಳು ತೋರಿಸಿದಳು.

ಅವನು ನೋಡಿದ. ಎರಡನೆಯ ಹಣ್ಣು ಕಿತ್ತ ಕೈ ಅಲ್ಲೇ ನಿಂತಿತು. ಪುಟ್ಟಿ ಅಂಗೈ ಚಾಚಿಕೊಂಡು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಬಾಯಲ್ಲಿದ್ದ ತುತ್ತನ್ನು ಅವನು ನುಂಗಲಿಲ್ಲ. ಮಗಳ ಮುಂದೆ ಉಗುಳಲೂ ಇಲ್ಲ.