ವರದಮ್ಮನ ಓಟು

ಪರದೆಯ ಒಳಗೆ ಬಂದರೂ ಭಾವನ ಕೆಮ್ಮು ವರದಮ್ಮನ ಬೆನ್ನು ಬಿಡಲಿಲ್ಲ. ಹುಟ್ಟುಕುರುಡಿಯಾದ ಅವಳನ್ನು ತೊಗರ್ಸಿಯ ಶಾಲೆಯ ಮತಗಟ್ಟೆಗೆ ಕೈಹಿಡಿದು ಕರೆತಂದವನು ಅಕ್ಕನ ಗಂಡ ಗೋಪಾಲಪ್ಪ. ಅವಳಿಗೆ ಅನ್ನ ಹಾಕುವವನೂ ಅವನೇ. "ದೀಪದ ಪೆಟ್ಟಿಗಿಗೇ ಹಾಕು" ಎಂದು ದಾರಿಯುದ್ದಕ್ಕೂ ಹೇಳಿದ್ದ. ಅವಳ ಮನಸ್ಸು ತಕ್ಕಡಿಯ ಚಿತ್ರದ ಪೆಟ್ಟಿಗೆಯ ಮೇಲಿತ್ತು. ಆದರೆ ಆಗಿನ ಚುನಾವಣೆಯಲ್ಲಿ ಉಮೇದುವಾರನಿಗೊಂದು ಪೆಟ್ಟಿಗೆ, ಅದಕ್ಕೊಂದು ಚಿತ್ರ. ಬೆರಳಿಗೆ ಸಿಕ್ಕಿದ್ದೆಲ್ಲ ಒಂದೇ ತಣ್ಣನೆಯ ತಗಡು.

"ಯಾವುದಕ್ಕೆ ಅಂತ ಹೇಳಿ ತಾಯಿ, ನಾನೇ ಹಾಕ್ತೀನಿ" ಎಂದರು ಮತಗಟ್ಟೆಯ ಅಧಿಕಾರಿ.

ಹೇಳಿದರೆ ಪರದೆಯಾಚೆ ಕೇಳಿಸುತ್ತದೆ. ಬೆವರಿದ ಅಂಗೈಯಲ್ಲಿ ಚೀಟಿ ಮೆತ್ತಗಾಗುತ್ತಿತ್ತು.

"ಒಂದೊಂದೇ ಪೆಟ್ಟಿಗಿ ಮುಟ್ಟಿಸಿ, ಚಿತ್ರ ಯಾವ್ದು ಅಂತ ಹೇಳ್ರಿ ಸಾಹೇಬ್ರೆ. ಆಮೇಲೆ ಹೊರಗೆ ನಿಲ್ರಿ."

ಅಧಿಕಾರಿ ತುಸು ಅನುಮಾನಿಸಿ, ಅವಳ ಕೈಯನ್ನು ಪೆಟ್ಟಿಗೆಗಳಿಗೆ ಸಾಲಾಗಿ ಮುಟ್ಟಿಸುತ್ತ ಹೇಳಿದರು: ಮರ, ದೀಪ, ತಕ್ಕಡಿ. ಅವರ ಹೆಜ್ಜೆ ಸಪ್ಪಳ ದೂರವಾದ ಮೇಲೆ ವರದಮ್ಮನ ಬೆರಳು ಮರವನ್ನು ದಾಟಿತು, ದೀಪವನ್ನೂ ದಾಟಿತು.

ಅಂಗಳಕ್ಕೆ ಬಂದೊಡನೆ ಗೋಪಾಲಪ್ಪ ಅವಳ ರಟ್ಟೆ ಹಿಡಿದ. "ಯಾವ್ದಕ್ಕೆ ಹಾಕ್ದಿ?"

"ಕಣ್ಣಿಲ್ದೋಳಿಗೆ ಅದೆಲ್ಲಿ ಗೊತ್ತಾಗ್ತತಿ, ಭಾವಾ?"