ಒಪ್ಪದ ಒಂದು ವಿಷಯ

ವರ್ಗಾವಣೆ ಕೌಂಟರಿನ ಗುಮಾಸ್ತ ಹೊಸ ವಿಶ್ವವಿದ್ಯಾಲಯದ ಪತ್ರದ ಮೇಲೆ ಬೆರಳಾಡಿಸಿದ. "ಗಣಿತ, ರಸಾಯನಶಾಸ್ತ್ರ ತಗೊಂಡಾರ. ಕನ್ನಡ ಬ್ಯಾಡ ಅಂದಾರ. ಕಾಲೇಜು ಕಲಿಸಿದ್ದನ್ನ ಕಾಲೇಜಿಗೇ ಒಪ್ಪಿಸಿ ಹೋಗಬೇಕವ್ವಾ."

ಹೊಸಬರು ಒಪ್ಪದ ವಿಷಯವನ್ನು ತಲೆಯಲ್ಲಿಟ್ಟುಕೊಂಡು ಯಾರೂ ಹೋಗುವಂತಿರಲಿಲ್ಲ. ತಾಂಜಾನಿಯಾದಿಂದ ಧಾರವಾಡಕ್ಕೆ ಓದಲು ಬಂದ ರೆಹೆಮಾಗೆ ಅದು ಗೊತ್ತಿತ್ತು. ಆದರೂ ಸಹಿ ಹಾಕುವ ಮುನ್ನ ಒಮ್ಮೆ ಬಾಗಿಲಾಚೆ ನೋಡಿದಳು. ಹೊರಗೆ ಬೆಂಚಿನ ಮೇಲೆ ಖಾನಾವಳಿಯ ಕಾಶವ್ವ ಬುತ್ತಿ ಹಿಡಿದು ಕೂತಿದ್ದಳು. ಎರಡು ವರ್ಷ ಅವಳ ಒಲೆಯ ಮುಂದೆ ಬೈಸಿಕೊಂಡೇ ಉಂಡವಳು ರೆಹೆಮಾ. ಕಾಶವ್ವನಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬಾರದು.

ಗುಮಾಸ್ತ ಅವಳ ಹಣೆಗೆ ತಣ್ಣನೆಯ ಪಟ್ಟಿ ಕಟ್ಟಿ, ನೂರು ಎಣಿಸುವಷ್ಟರಲ್ಲಿ ಬಿಚ್ಚಿದ. ರೆಹೆಮಾ ತಲೆಯೆತ್ತಿದಳು. ಗೋಡೆಯ ಮೇಲಿನ ಕನ್ನಡ ಫಲಕದಲ್ಲಿ ಬರೀ ಸುರುಳಿ ಗೆರೆಗಳಿದ್ದವು, ಒಂದಕ್ಷರವನ್ನೂ ಓದಲಾಗಲಿಲ್ಲ.

ಹೊರಗೆ ಬಂದಾಗ ಮೊದಲು ಮಾತಾಡಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಕೊನೆಗೆ ಕಾಶವ್ವ ಎತ್ತಲೋ ನೋಡುತ್ತ ಬುತ್ತಿ ಬಿಚ್ಚಿದಳು. "ರೊಟ್ಟಿ ಆರಾಕತ್ತಾವ. ಉಣ್ತೀಯೋ ಇಲ್ಲೋ?"

ರೆಹೆಮಾ ಕೇಳಿಸಿಕೊಂಡಳು; ಒಂದೊಂದು ಮಾತೂ ತಿಳಿಯಿತು. ಆಮೇಲೆ ಕಾಶವ್ವನದೇ ಬೈಯುವ ಧಾಟಿಯಲ್ಲಿ ರೆಹೆಮಾ ಅಂದಳು:

"ಶೇಂಗಾ ಚಟ್ನಿ ಮರತು ಬಂದಿದ್ರ ನೋಡ್ ಮತ್ತ, ಯವ್ವಾ."