ಕುಸಿತ ಅಲ್ಲ, ಘಟನೆ

"ಎಷ್ಟು ಮಕ್ಕಳು ಒಳಗೆ ಸಿಕ್ಕಾಕೊಂಡಿದಾರೆ? ಅದನ್ನ ಮೊದಲು ಹೇಳಿ."

ಗಡ್ಡದವನು ಎದ್ದು ನಿಂತೇ ಕೇಳಿದ. ಮೇಜಿನ ಆಚೆ ಕೂತಿದ್ದ ಯಜಮಾನರು ನೀರಿನ ಲೋಟಕ್ಕೆ ಕೈ ಚಾಚಿ, ಯಾಕೋ ಹಿಂದಕ್ಕೆ ತೆಗೆದುಕೊಂಡರು. ಎದುರಿಗೆ ಯಾವ ಚಾನೆಲ್ಲಿನ ಗುರುತೂ ಇಲ್ಲದ ಬೋಳು ಮೈಕುಗಳು ಸಾಲಾಗಿ ನಿಂತಿದ್ದವು. ದೀಪದ ಬೆಳಕಿಗೆ ಅವರ ಹಣೆ ಬೆವರಿ ಮಿನುಗುತ್ತಿತ್ತು.

ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿದ್ದ ಸಲಹೆಗಾರ್ತಿ ಅವರ ಬಾಯನ್ನೇ ನೋಡುತ್ತಿದ್ದಳು. ಕಟ್ಟಡ ಕಟ್ಟುವ ಕಂಪನಿಗಳ ಹೆಸರು ಕೆಡದಂತೆ ಕಾಯುವುದು ಅವಳ ಕಸುಬು. ಕಟ್ಟುವವರು ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಅದರ ಬಗ್ಗೆ ನಾಲ್ಕು ಜನರ ಮುಂದೆ ಬಾಯಿ ಬಿಡುವಾಗ ಮಾತ್ರ ಅವಳಂಥವರು ಬೇಕು. ಯಜಮಾನರ ಕಂಪನಿ ಶಾಲೆಯೊಂದಕ್ಕೆ ಕಟ್ಟಿದ ಸಭಾಂಗಣದ ವಿಷಯದಲ್ಲಿ ಅವರ ಒಂದು ಮಾತು ಜಾರಿದರೂ ಅಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲು. ಈಚೆಗೆ ಅವರೊಬ್ಬರನ್ನೇ ನೆಚ್ಚಿಕೊಂಡಿದ್ದ ಅವಳ ಪುಟ್ಟ ಕಚೇರಿಗೂ ಬೀಗ.

"ಕುಸಿತದ..." ಎಂದು ಶುರುಮಾಡಿದ ಯಜಮಾನರು ಅವಳ ಮುಖ ಕಂಡು ತಿದ್ದಿಕೊಂಡರು. "ಘಟನೆಯ ಬಗ್ಗೆ ಪೂರ್ತಿ ಮಾಹಿತಿ ಬರಲಿ, ಆಮೇಲೆ ಹೇಳ್ತೀವಿ."

ಸದ್ಯ, ಅಷ್ಟಾದರೂ ತಲೆಯಲ್ಲಿ ನಿಂತಿತ್ತು. ಕುಸಿತ ಅನ್ನಬೇಡಿ, ಘಟನೆ ಅನ್ನಿ. ತಪ್ಪು ಅನ್ನಬೇಡಿ, ಪಾಠ ಅನ್ನಿ. ಬೆಳಗಿನಿಂದ ಅವಳು ಗಂಟಲು ಹರಿದುಕೊಂಡು ಹೇಳಿಕೊಟ್ಟಿದ್ದು ಇದನ್ನೇ. ಸನ್ನೆಗಳನ್ನೂ ಗೊತ್ತುಮಾಡಿಕೊಂಡಿದ್ದರು. ಅವಳು ಕಿವಿಯೋಲೆ ಮುಟ್ಟಿದರೆ ಅವರು ಅಲ್ಲಿಗೇ ಮಾತು ನಿಲ್ಲಿಸಬೇಕು. ಮೂಗು ಮುಟ್ಟಿದರೆ ದುಃಖ ವ್ಯಕ್ತಪಡಿಸಬೇಕು.

"ಸಿಮೆಂಟು ಯಾರಿಂದ ತರಿಸಿದ್ರಿ?" ಎಂದ ಗಡ್ಡದವನು.

ಕಿಟಕಿಯ ಪರದೆಯ ಧೂಳಿಗೆ ಅವಳಿಗೆ ಸೀನು ಬಂತು. ತಡೆಯಲು ಮೂಗು ಒತ್ತಿ ಹಿಡಿದಳು.

"ನೊಂದ ಕುಟುಂಬಗಳ ಜೊತೆ ನಾವಿದ್ದೀವಿ," ಎಂದರು ಯಜಮಾನರು ತಟ್ಟನೆ.

ಯಾರೋ ನಕ್ಕು, ಕೆಮ್ಮಿದ ಹಾಗೆ ಮಾಡಿದರು. ಸಲಹೆಗಾರ್ತಿ ಅತ್ತ ಕೆಕ್ಕರಿಸಿ ನೋಡಿದಳು. ಅಷ್ಟು ಜನರಲ್ಲಿ ಯಾರ ಕೈಯಲ್ಲೂ ಪೆನ್ನು ಓಡುತ್ತಿರಲಿಲ್ಲ. ಎಲ್ಲರ ಕಣ್ಣೂ ಯಜಮಾನರ ಮುಖದ ಮೇಲೇ ಇತ್ತು.

ಕೈಯಲ್ಲಿದ್ದ ಫೋನು ನಡುಗಿತು. ತಂಗಿಯ ಸಂದೇಶ. "ಅಕ್ಕ, ನಿನ್ನ ಮಗಳು ಹಾಡಿ ಹಾಡಿ ನನ್ನ ತಲೆ ತಿಂದಿದಾಳೆ. ನಾಳೆ ಕಾರ್ಯಕ್ರಮದಲ್ಲಿ ನೀನು ಮುಂದಿನ ಸಾಲಲ್ಲೇ ಕೂತ್ಕೋಬೇಕಂತೆ."

ಮುಂದಿನ ಸಾಲು ಎಲ್ಲಿಂದ ಬರಬೇಕು? ನಾಳೆಯೂ ಯಜಮಾನರ ಬೆನ್ನ ಹಿಂದೆ ನಿಂತಿರುವುದೇ ಅವಳ ಪಾಡು. ಬೇಸರವಾಯಿತು. ಫೋನನ್ನು ಚೀಲಕ್ಕೆ ಹಾಕಿದಳು.

ಈಗ ಕನ್ನಡಕದ ಹುಡುಗಿಯ ಸರದಿ. ಕೈಯಲ್ಲಿದ್ದ ಕಾಗದದ ಮೇಲೊಮ್ಮೆ ಕಣ್ಣಾಡಿಸಿ ಅವಳು ಎದ್ದಳು.

"ಮೆಟ್ಟಿಲ ಪಕ್ಕದ ಕಂಬ ಮೊದಲಿಂದ್ಲೂ ಸರಿ ಇರ್ಲಿಲ್ವಂತೆ. ನಿಮಗದು ಗೊತ್ತಿತ್ತಾ?"

ದುಃಖ ನಟಿಸಬೇಡಿ, ಜನಕ್ಕೆ ಗೊತ್ತಾಗಿಬಿಡುತ್ತದೆ, ನಿಮಗೆ ನಿಜವಾಗಿ ಸಂಕಟ ಕೊಡುವುದನ್ನೇ ನೆನೆಸಿಕೊಳ್ಳಿ ಎಂದು ಬೆಳಿಗ್ಗೆ ಸಲಹೆಗಾರ್ತಿ ಯಜಮಾನರಿಗೆ ಹೇಳಿದ್ದಳು. ಈಗ ಅವರ ತುಟಿ ಅದುರಿತು, ಕಣ್ಣು ತುಂಬಿತು. ಇಷ್ಟು ಸೊಗಸಾಗಿ ದುಃಖಪಡುವ ಗಿರಾಕಿ ಅವಳಿಗೆ ಈವರೆಗೆ ಸಿಕ್ಕಿರಲಿಲ್ಲ. ಹಾಕಿದ ಶ್ರಮ ನೀರುಪಾಲಾಗಲಿಲ್ಲ ಎಂದುಕೊಂಡಳು.

"ಮೆಟ್ಟಿಲ ಪಕ್ಕದ್ದಕ್ಕೆ ಏನೂ ಆಗಿಲ್ಲ," ಎಂದರು ಅವರು. "ಅದು ಗಟ್ಟಿಯಾಗಿದೆ. ವೇದಿಕೆ ಹಿಂದಿಂದು..."

ಸಲಹೆಗಾರ್ತಿ ಕಿವಿಯೋಲೆ ಮುಟ್ಟಿದಳು.

"ಕಾಂಕ್ರೀಟು ಹಾಕ್ತಿರುವಾಗ ಪಂಪು ಕೆಟ್ಟು ಕಂಬ ಅರ್ಧಕ್ಕೇ ನಿಂತುಹೋಯ್ತು. ಉಳಿದದ್ದನ್ನ ಮಾರನೇ ದಿನ ತುಂಬಿದ್ರು. ಅಚ್ಚಿನ ಹಲಗೆ ಬಿಚ್ಚಿದ್ರೆ ಒಳಗೆಲ್ಲ ತೂತು. ಒಡೆದು ಹೊಸದಾಗಿ ಹಾಕೋಣ ಅಂತ ನಮ್ಮ ಎಂಜಿನಿಯರು ಬಡ್ಕೊಂಡ. ಹೇಳಿದ ತಾರೀಖಿಗೆ ಮುಗಿಸ್ಬೇಕಿತ್ತು. ನಾನೇ ಮೇಲೆ ಪ್ಲಾಸ್ಟರ್ ಮಾಡ್ಸಿ ಬಣ್ಣ ಹೊಡೆಸ್ದೆ. ಆವತ್ತಿಂದ ನಿದ್ದೆ ಹತ್ತಿಲ್ಲ ನನಗೆ."

ಅವಳು ಓಲೆ ಕಿತ್ತು ಬರುವ ಹಾಗೆ ಎಳೆಯುತ್ತಿದ್ದಳು. ಅವರು ಅವಳ ಕಡೆ ನೋಡುತ್ತಲೇ ಇರಲಿಲ್ಲ.

ಅಲ್ಲಿಯವರೆಗೆ ಹಾರಾಡುತ್ತಿದ್ದ ಗಡ್ಡದವನು ಮೆಲ್ಲಗೆ ಕುರ್ಚಿಗೆ ಕುಸಿದ. ಕನ್ನಡಕದ ಹುಡುಗಿ ತನ್ನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು.

ಯಜಮಾನರು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಟೈ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಅವಳು ಕಲಿಸಿದ ಹಾಗೆಯೇ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟರು.

"ಇದನ್ನ ತೆಗೆದುಹಾಕ್ಬಿಡಿ ಮೇಡಂ," ಎಂದರು. "ಇನ್ನೊಂದ್ಸಲ ಕೇಳ್ಸಿ. ಈಗ ಸರಿಯಾಗಿ ಹೇಳ್ತೀನಿ."

ಕ್ಯಾಮೆರಾದವನು ಅಳಿಸಲೇ ಎಂಬಂತೆ ಅವಳತ್ತ ನೋಡಿದ. ಅವಳು ಬೇಡವೆಂದು ತಲೆಯಾಡಿಸಿ, ಹೋಗಿ, ಅದರೊಳಗಿನ ಮೆಮೊರಿ ಕಾರ್ಡು ಕಿತ್ತು ಮುಷ್ಟಿಯಲ್ಲಿಟ್ಟುಕೊಂಡಳು.

ಕನ್ನಡಕದ ಹುಡುಗಿ ಹತ್ತಿರ ಬಂದು ಪಿಸುಗುಟ್ಟಿದಳು. "ಮೇಡಂ, ಆ ಕಂಬದ ಪ್ರಶ್ನೆ ನೀವು ಸುಮ್ನೆ ಊಹೆ ಮಾಡಿ ಬರೆದದ್ದಲ್ವಾ?"

ಸಲಹೆಗಾರ್ತಿ ಆಗಲೇ ತಂಗಿಗೆ ಫೋನು ಹಚ್ಚಿದ್ದಳು. "ನಾಳೆ ಹಾಡು ಇಲ್ಲ ಅನ್ನು ಅವಳಿಗೆ. ಅತ್ರೆ ಅಳ್ಲಿ ಬಿಡು. ಏನೇ ಆದ್ರೂ ಆ ಸಭಾಂಗಣಕ್ಕೆ ಕಳಿಸ್ಬೇಡ. ಶಾಲೆಗೆ ನಾನೇ ಹೇಳ್ತೀನಿ, ಈಗ್ಲೇ."

ಇವತ್ತು ನಡೆದದ್ದು, ಉದ್ಘಾಟನೆಗೆ ಮುಂಚೆ ಅವಳು ತನ್ನವರನ್ನೇ ಪತ್ರಕರ್ತರಂತೆ ಕೂರಿಸಿ ಎಲ್ಲ ಗಿರಾಕಿಗಳಿಗೂ ಮಾಡಿಸುವ ಬರೀ ತಾಲೀಮು. ಸಭಾಂಗಣ ಇನ್ನೂ ನೆಟ್ಟಗೆ ನಿಂತಿತ್ತು, ಬಾಗಿಲಿಗೆ ರಿಬ್ಬನ್ನು ಕಟ್ಟಿಸಿಕೊಂಡು ನಾಳೆ ಬರುವ ಮಕ್ಕಳಿಗಾಗಿ ಕಾಯುತ್ತಿತ್ತು.